ಸೂಪರ್ ಗ್ರೇಡೋ, ಬ್ರೌನಿಂಗ್ ಮೆಡಾಲಿಯನ್ನೋ: ಅಸಲಿತನ ನೋಡುವುದು ಎಲ್ಲಿ?

1964ಕ್ಕೆ ಮುಂಚಿನ ವಿಂಚೆಸ್ಟರ್ ಮಾಡೆಲ್ 70 ಸೂಪರ್ ಗ್ರೇಡ್ ಮತ್ತು ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಯ ಬ್ರೌನಿಂಗ್ ಮೆಡಾಲಿಯನ್, ಈ ಎರಡು ಹಳೆಯ ಬೇಟೆ ರೈಫಲ್‌ಗಳಲ್ಲೂ ತಂಟೆ ಇರುವುದು ಮರದಲ್ಲೇ. ಆದರೆ ಮೊದಲನೆಯದರಲ್ಲಿ ಮರ ಅಸಲಿಯೇ ಎಂದು ಕೇಳಬೇಕು. ಎರಡನೆಯದರಲ್ಲಿ ಅಸಲಿ ಮರವೇ ಉಕ್ಕನ್ನು ತಿನ್ನುತ್ತಿದೆಯೇ ಎಂದು.

ಪರೀಕ್ಷೆಗೆ ಮೊದಲು ಹಿಂದೆ ಮುಂದೆ ಸರಿಯುವ ಬೋಲ್ಟ್ ತೆಗೆದು, ಗುಂಡು ಕೂರುವ ಚೇಂಬರ್ ಮತ್ತು ಗುಂಡು ತುಂಬುವ ಮ್ಯಾಗಜಿನ್ ಖಾಲಿ ಇವೆಯೇ ಎಂದು ಕಣ್ಣಾರೆ ನೋಡಿ.

ಸೂಪರ್ ಗ್ರೇಡ್ ಎಂದರೆ ಮಾಡೆಲ್ 70ರ ದುಬಾರಿ ದರ್ಜೆ, ಅದನ್ನು ನಕಲು ಮಾಡುವುದು ಸುಲಭ. ಸ್ಟಾಕಿನ (ರೈಫಲ್‌ನ ಮರದ ಭಾಗದ) ಕಪ್ಪು ಮುಂತುದಿ, ಕೆನ್ನೆದಿಂಬು, ಪಟ್ಟಿ ಕಟ್ಟುವ ಕಳಚಬಲ್ಲ ಸ್ವಿವೆಲ್, ಮ್ಯಾಗಜಿನ್ನಿನ ಕೆಳಮುಚ್ಚಳವಾದ ಫ್ಲೋರ್‌ಪ್ಲೇಟ್ ಮೇಲಿನ ‘ಸೂಪರ್ ಗ್ರೇಡ್’ ಅಕ್ಷರ, ಇವೆಲ್ಲ ಸಾಮಾನ್ಯ ಮಾಡೆಲ್ 70ಕ್ಕೆ ಸ್ಕ್ರೂಡ್ರೈವರ್ ಹಿಡಿದು ಕೂರಿಸಬಹುದಾದವು. ಹಾಗಾಗಿ ಮೊದಲು ಸ್ಕ್ರೂಗಳ ಸೀಳು ನೋಡಿ. ಅಂಚು ತಿರುಚಿದ್ದರೆ ಯಾರೋ ಬಿಚ್ಚಿದ್ದಾರೆ. ಆಮೇಲೆ ಮರ ಮತ್ತು ಲೋಹ ಸೇರುವ ಅಂಚಿನ ಮೇಲೆ ಬೆರಳಾಡಿಸಿ. ಕಾರ್ಖಾನೆ ಮರ ಲೋಹಕ್ಕಿಂತ ಕೂದಲೆಳೆಯಷ್ಟು ಎತ್ತರ ಇರುತ್ತದೆ. ಮರಳುಕಾಗದ ಕಂಡ ಮರ ಕೆಳಗೆ ಇಳಿದಿರುತ್ತದೆ, ಹಿಡಿತಕ್ಕೆಂದು ಕೊರೆದ ಅಡ್ಡಗೆರೆಗಳ (ಚೆಕ್ಕರಿಂಗಿನ) ಮೊನೆಗಳೂ ಹೊಸ ವಾರ್ನಿಷ್ ತುಂಬಿ ಮೊಂಡಾಗಿರುತ್ತವೆ. ಟ್ರಿಗರ್‌ನಿಂದ ಬಟ್‌ವರೆಗೆ (ಭುಜಕ್ಕೆ ಒರಗುವ ಹಿಂತುದಿಯವರೆಗೆ) ಸುಮಾರು 13½ ಇಂಚು ಇರಬೇಕು. ಕಡಿಮೆಯಿದ್ದರೆ ಹಿಂಬದಿ ಕತ್ತರಿಸಿ ರಬ್ಬರ್ ಪ್ಯಾಡ್ ಹಾಕಿರಬಹುದು.

ಲೋಹದ ಸಾಕ್ಷಿ ಇನ್ನೂ ಗಟ್ಟಿ. ಬೋಲ್ಟ್ ಮೈಯ ಕೆಳಗೆ ಎಲೆಕ್ಟ್ರಿಕ್ ಪೆನ್ಸಿಲಿನಲ್ಲಿ ಗೀಚಿದ ಸಂಖ್ಯೆ, ಬೋಲ್ಟ್ ಕೂರುವ ಲೋಹದ ಚೌಕಟ್ಟಾದ ರಿಸೀವರ್ ಸಂಖ್ಯೆಗೆ ಹೊಂದಬೇಕು. ನಳಿಕೆಯ ತಳದಲ್ಲಿ ಎರಡಂಕಿಯ ವರ್ಷದ ಮುದ್ರೆ ಇರುತ್ತದೆ. ರಿಸೀವರ್ ಸಂಖ್ಯೆ ಹೇಳುವ ವರ್ಷಕ್ಕೂ ಇದಕ್ಕೂ ಒಂದೆರಡು ವರ್ಷ ಆಚೀಚೆ ಸಹಜ, ಹತ್ತು ವರ್ಷ ವ್ಯತ್ಯಾಸ ಬಂದರೆ ನಳಿಕೆ ಬದಲಾಗಿದೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ರಿಸೀವರಿನ ಹಿಂಬದಿ ಸೇತುವೆಯಲ್ಲಿ (ಬೋಲ್ಟಿನ ಮೇಲೆ ಹಾಯುವ ಹಿಂಭಾಗದಲ್ಲಿ) ಟೆಲಿಸ್ಕೋಪ್ ರಂಧ್ರ ಕಂಡರೆ ಸಾಮಾನ್ಯವಾಗಿ ಅದು ಆಮೇಲೆ ಕೊರೆದದ್ದು.

ಮೆಡಾಲಿಯನ್ನಿನ ಕೆತ್ತನೆ ರಿಸೀವರ್ ಮೇಲೇ ಇರುವುದರಿಂದ ಬ್ರೌನಿಂಗ್‌ನ ಸಾಮಾನ್ಯ ಸಫಾರಿ ದರ್ಜೆಯನ್ನು ಅದಾಗಿ ವೇಷ ಹಾಕಿಸುವುದು ದುಬಾರಿ ಕೆಲಸ. ಇಲ್ಲಿಯ ಪಿಡುಗೇ ಬೇರೆ: 1960ರ ದಶಕದ ಕೊನೆಯಿಂದ 70ರ ದಶಕದ ಆರಂಭದವರೆಗೆ ಉಪ್ಪು ಹಾಕಿ ಒಣಗಿಸಿದ ವಾಲ್‌ನಟ್ ಬಳಸಿದ್ದರು. ಆ ಉಪ್ಪು ತೇವ ಹೀರಿ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಉಕ್ಕಿನ ಮೇಲಿನ ನೀಲಿ ಲೇಪ ಹೊಳೆಯುತ್ತಿದ್ದರೂ ನಂಬಬೇಡಿ. ಬಟ್ ಪ್ಯಾಡಿನ ಸ್ಕ್ರೂ ಬಿಚ್ಚಿ, ಕಂದು ತುಕ್ಕು ಕಂಡರೆ ಸ್ಟಾಕ್ ಪೂರ್ತಿ ಇಳಿಸಿ ನಳಿಕೆಯ ಕೆಳಬದಿ ನೋಡಿ. ಒಳಗಿನ ಬರಿ ಮರದ ಮೇಲೆ ಒಂದು ಹನಿ ಸಿಲ್ವರ್ ನೈಟ್ರೇಟ್ ದ್ರಾವಣ ಬಿಟ್ಟು ಹಾಲಿನಂತೆ ಬಿಳುಪಾದರೆ ಉಪ್ಪಿದೆ. ಕೈಗೆ ಕಲೆಯಾಗುತ್ತದೆ, ಕೈಗವಸು ಬೇಕು.

ಇಂಥ ರೈಫಲ್‌ನಲ್ಲಿ ಬದಲಿ ಸ್ಟಾಕ್ ಇದ್ದರೆ ನಾವು ಮೂಗು ಮುರಿಯುವುದಿಲ್ಲ. ಕಂಪನಿಯೇ ಹಾಕಿಕೊಟ್ಟದ್ದಕ್ಕೆ ಕಾಗದವಿದ್ದರೆ ಸಾಕು. ಸೂಪರ್ ಗ್ರೇಡಿನಲ್ಲಿ ಬದಲಿ ಸ್ಟಾಕ್ ಎಂದರೆ ಅದು ಸಾಮಾನ್ಯ ಮಾಡೆಲ್ 70ರ ಬೆಲೆಯದೇ.