ಒಂದೇ ಛಾವಣಿ, ಎರಡು ಥರದ ಎಸಿ: ವಿಜಯಪುರದ ಬಿಸಿಲಿಗೆ ಯಾವುದು ತಡೆಯುತ್ತದೆ?

ಹಳೇ ಮಿನಿ ಬಸ್ಸಿನ ಚಾಸಿ ಮೇಲೆ ಕಟ್ಟಿಸಿದ ಕ್ಯಾರವಾನ್ ನಮ್ಮದು. ಮುಂದೆ ಕೂರುವ ಜಾಗ, ಹಿಂದೆ ಮಲಗುವ ಜಾಗ, ಛಾವಣಿ ಮೇಲೆ ಎರಡು ಎಸಿ. ಎರಡಕ್ಕೂ ವಯಸ್ಸಾಗಿತ್ತು. ಒಂದು ಬರೀ ಗಾಳಿ ಊದುತ್ತಿತ್ತು. ಇನ್ನೊಂದು ಶುರುವಾಗುವಾಗ ಇಡೀ ಗಾಡಿಯ ದೀಪ ಮಂಕಾಗುತ್ತಿತ್ತು. ಬದಲಾಯಿಸುವ ಹೊತ್ತು ಬಂದಾಗ ಎರಡೂ ಕಡೆ ಒಂದೇ ಥರದ್ದು ಹಾಕಿಸಲಿಲ್ಲ. ಮುಂದೆ 230 ವೋಲ್ಟಿನ ರೂಫ್‌ಟಾಪ್ ಎಸಿ, ಹಿಂದೆ 24 ವೋಲ್ಟಿನ ಬ್ಯಾಟರಿ ಎಸಿ. ಒಂದೇ ಗಾಡಿ, ಒಂದೇ ಬಿಸಿಲು, ನಡುವೆ ಒಂದು ದಪ್ಪ ಪರದೆ. ಹೋಲಿಸಿ ನೋಡೋಕೆ ಇದಕ್ಕಿಂತ ಒಳ್ಳೆ ವ್ಯವಸ್ಥೆ ಬೇಕಾ? ಬಾಗಲಕೋಟೆ ಗೆಳೆಯನ ಟ್ರಾವೆಲರ್ ವ್ಯಾನಿನಲ್ಲಿ ಮನೆಗೆ ಹಾಕುವ ಸ್ಪ್ಲಿಟ್ ಎಸಿ ಇದೆ, ಅದರಲ್ಲೂ ಮಲಗಿ ನೋಡಿದ್ದೇನೆ. ಕೂಲರ್ ಅಂತೂ ವಿಜಯಪುರದವರಿಗೆ ಹೊಸದೇನಲ್ಲ.

ಅಂಗಡಿಯವರು ಮೊದಲು ಕೇಳುವುದು "ಎಷ್ಟು ಟನ್ ಬೇಕ್ರಿ?" ಅಂತ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮಧ್ಯಾಹ್ನ ಕರೆಂಟ್ ಎಲ್ಲಿಂದ ಬರುತ್ತದೆ, ರಾತ್ರಿ ಎಲ್ಲಿಂದ ಬರುತ್ತದೆ ಅನ್ನೋದು ಮೊದಲನೇದು.

ಹಳೇದನ್ನು ಇಳಿಸುವ ಮುಂಚೆ ಒಂದು ಮಾತು. ರೂಫ್‌ಟಾಪ್ ಎಸಿ ಕೆಟ್ಟಿತು ಅಂದಾಗ ಎಷ್ಟೋ ಸಲ ಹೋಗಿರುವುದು ಮೋಟರ್ ಶುರುವಾಗೋಕೆ ಬಲ ಕೊಡುವ ಕೆಪಾಸಿಟರ್ ಒಂದೇ. ನಮ್ಮ ಮೆಕ್ಯಾನಿಕ್ ಛಾವಣಿ ಹತ್ತಿದವನೇ, "ತಡೀರಿ ಸರ, ಮೊದ್ಲ ಕೆಪಾಸಿಟರ್ ನೋಡೂಣು. ಅದಷ್ಟ ಹೋಗಿದ್ರ ನಿಮ್ಮ ರೊಕ್ಕ ಉಳೀತೈತಿ" ಅಂದ. ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಬಿಸಿ ಹೊರಹಾಕುವ ಕಂಡೆನ್ಸರಿನ ತೆಳು ತಗಡುಗಳು, ಅಂದರೆ ಫಿನ್ನುಗಳೇ ಕಾಣಲಿಲ್ಲ. ಕಬ್ಬಿನ ಸೀಸನ್ನಿನಲ್ಲಿ ಮುಧೋಳ, ಜಮಖಂಡಿ ಕಡೆ ಟ್ರ್ಯಾಕ್ಟರ್‌ಗಳ ಬೆನ್ನು ಹಿಡಿದು ಓಡಿಸಿದ್ದರ ಫಲ ಅದು. ರವದಿ, ಅಂದರೆ ಕಬ್ಬಿನ ಒಣ ಎಲೆ, ಪುಡಿಯಾಗಿ, ಧೂಳಿನ ಜೊತೆ ಸೇರಿ, ಫಿನ್ನುಗಳ ಸಂದಿಯಲ್ಲಿ ಕುಳ್ಳಿನ ಥರ ಗಟ್ಟಿಯಾಗಿ ಕೂತಿತ್ತು. ಹಳೇ ಟೂತ್‌ಬ್ರಷ್ ಹಿಡಿದು ಮೇಲಿಂದ ಕೆಳಕ್ಕೆ ಮಾತ್ರ ಉಜ್ಜಬೇಕು. ಅಡ್ಡ ಉಜ್ಜಿದರೆ ಫಿನ್ ಮಡಚಿಕೊಳ್ಳುತ್ತವೆ. ನೀರು ಹಾಯಿಸಿ, ಕೆಪಾಸಿಟರ್ ಬದಲಾಯಿಸಿದ ಮೇಲೆ ಒಂದು ಎಸಿ ಶುರುವೂ ಆಯಿತು.

ಆದರೂ ಇಟ್ಟುಕೊಳ್ಳಲಿಲ್ಲ. ಅವು ಅಮೆರಿಕದ ಮಾಲು. ಬದಿಯ ಪಟ್ಟಿಯ ಮೇಲೆ 115 ವೋಲ್ಟ್, 60 ಹರ್ಟ್ಜ್ ಅಂತ ಇತ್ತು. ಟ್ರಾನ್ಸ್‌ಫಾರ್ಮರ್ ಇಟ್ಟು ವೋಲ್ಟೇಜ್ ಇಳಿಸಬಹುದು, ಆದರೆ ನಮ್ಮ ಕರೆಂಟಿನ 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಆವರ್ತದ ಲೆಕ್ಕ, ಬದಲಾಗಲ್ಲ. ಆ ಮೋಟರ್ ಇಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲೇ ತಿರುಗುತ್ತದೆ, ಜೊತೆಗೆ ಕಾಯುತ್ತದೆ. ಒಳಗಿದ್ದ ಗ್ಯಾಸ್ ಆರ್-22. ಮಾಂಟ್ರಿಯಲ್ ಒಪ್ಪಂದದಡಿ ಜಗತ್ತೇ ಹಂತಹಂತವಾಗಿ ಕೈಬಿಡುತ್ತಿರುವ ಗ್ಯಾಸ್ ಅದು. ಮೇಲಾಗಿ ಈ ರೂಫ್‌ಟಾಪ್ ಎಸಿಗಳಿಗೆ ಸಾಮಾನ್ಯವಾಗಿ ಗ್ಯಾಸ್ ತುಂಬುವ ವಾಲ್ವೇ ಇರಲ್ಲ. ಪೈಪ್ ಕತ್ತರಿಸಿ, ಬೆಸುಗೆ ಹಾಕಿ ತುಂಬಬೇಕು. ಸೆಕೆಂಡ್ ಹ್ಯಾಂಡ್ ಇಂಪೋರ್ಟೆಡ್ ಎಸಿ ಅಗ್ಗಕ್ಕೆ ಸಿಗುತ್ತದೆ ಅಂತ ಹೊರಟವರು ಆ ಪಟ್ಟಿಯನ್ನು ಮೊದಲು ಓದಿ.

ಮುಂದಿನ ಎಸಿ 13,500 ಬಿಟಿಯು (ತಾಸಿಗೆ ಎಷ್ಟು ಶಾಖ ಹೊರಹಾಕುತ್ತದೆ ಅನ್ನೋ ಲೆಕ್ಕ). ಒಂದು ಟನ್ ಅಂದರೆ 12,000 ಬಿಟಿಯು, ಇದು ಅದಕ್ಕಿಂತ ಸ್ವಲ್ಪ ಜಾಸ್ತಿ. ಇದರ ದೊಡ್ಡ ಅನುಕೂಲ ಅಂದರೆ ಛಾವಣಿಯ ಹಳೇ ತೂತಿಗೇ ಕೂರುತ್ತದೆ. ಕ್ಯಾರವಾನ್ ಎಸಿಗಳಲ್ಲಿ ಸುಮಾರು 14 ಇಂಚು ಚೌಕದ ತೂತು ಬಹಳ ಹಿಂದಿನಿಂದ ನಡೆದುಬಂದ ಅಳತೆ. ತೂಕ 40 ಕಿಲೋ ಆಸುಪಾಸು, ಛಾವಣಿಗೆ ಏರಿಸೋಕೆ ಹಗ್ಗವೂ ಬೇಕು, ಆಳೂ ಬೇಕು. ಕೂರಿಸುವಾಗ ಗಮನವೆಲ್ಲ ಕೆಳಗಿನ ಫೋಮ್ ಪಟ್ಟಿಯ ಮೇಲಿರಲಿ. ಒಳಗಿನಿಂದ ನಾಲ್ಕು ಉದ್ದದ ಬೋಲ್ಟ್ ಬಿಗಿಯುತ್ತಾರೆ. ಒಂದು ಇಂಚಿನ ಫೋಮ್ ಅರ್ಧ ಇಂಚಿಗೆ ಬಂದರೆ ಸಾಕು. ಒಂದು ಬೋಲ್ಟ್ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗಬಾರದು, ನಾಲ್ಕನ್ನೂ ಸ್ವಲ್ಪ ಸ್ವಲ್ಪವೇ ಎದುರುಬದುರಾಗಿ ಬಿಗಿಯಬೇಕು. ಹುಡುಗರು ಜೋರು ತೋರಿಸಿ ಬಿಗಿದರೆ ಫೋಮ್ ಚಪ್ಪಟೆಯಾಗಿ ಮೊದಲ ಮಳೆಗೇ ನೀರು ಒಳಗೆ ಬರುತ್ತದೆ.

ತಂಪಿನ ವಿಷಯದಲ್ಲಿ ಇದಕ್ಕೆ ಸಾಟಿ ಇಲ್ಲ. ಬದಾಮಿಯಲ್ಲಿ ಮಟಮಟ ಮಧ್ಯಾಹ್ನ ಗಾಡಿ ಬಿಸಿಲಲ್ಲೇ ನಿಂತಿತ್ತು, ಹೊರಗೆ 40 ದಾಟಿತ್ತು. ಗುಹೆ ನೋಡಿ ಬೆವರಿಳಿಸಿಕೊಂಡು ಬಂದವರು ಪರದೆ ಎಳೆದು ಮುಂದಿನ ಎಸಿ ಹಾಕಿದರೆ, ಊಟ ಬಿಚ್ಚುವ ಹೊತ್ತಿಗೆ ಮುಖ ಅರಳುತ್ತದೆ. ಥರ್ಮಾಮೀಟರ್ 28 ತೋರಿಸುತ್ತಿತ್ತು. ಆದರೆ ಇದು ಕುಡಿಯುವ ಕರೆಂಟು ಸಾಮಾನ್ಯವಲ್ಲ. ಕ್ಲಾಂಪ್ ಮೀಟರ್ ಹಾಕಿ ನೋಡಿದರೆ ಆರೇಳು ಆಂಪಿಯರ್, ಅಂದರೆ ಹತ್ತಿರ ಹತ್ತಿರ ಒಂದೂವರೆ ಕಿಲೋವ್ಯಾಟ್. ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. 2 ಕೆವಿಎ ಪೆಟ್ರೋಲ್ ಜನರೇಟರ್ ಮೊದಮೊದಲು ಇದನ್ನು ಎತ್ತಲೇ ಇಲ್ಲ, ಕೆಮ್ಮಿ ನಿಲ್ಲುತ್ತಿತ್ತು. ಶುರುವಿನ ಆ ಎಳೆತ ತಗ್ಗಿಸುವ ಸಾಫ್ಟ್ ಸ್ಟಾರ್ಟರ್ ಅನ್ನೋ ಅಂಗೈಯಗಲದ ಡಬ್ಬಿ ಹಾಕಿಸಿದ ಮೇಲೆ ಎತ್ತುತ್ತದೆ. ಈ ಎಸಿ ತಗೊಳ್ಳುವವರು ಆ ಡಬ್ಬಿಯ ದುಡ್ಡನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಜನರೇಟರ್ ಅಂದಮೇಲೆ ಗದ್ದಲ, ಹೊಗೆ, ಪಕ್ಕದವರ ಮುಖ ಸಿಂಡರಿಸುವುದು ಎಲ್ಲಾ ಇದ್ದದ್ದೇ. ಜಾತ್ರೆಯಲ್ಲಿ ಯಾರೂ ಕೇಳಲ್ಲ. ಕೂಡಲಸಂಗಮದಂಥ ಕಡೆ ರಾತ್ರಿ ಹಚ್ಚೋಕೆ ನಮಗೇ ನಾಚಿಕೆ. ಹಚ್ಚಿಕೊಂಡು ಮಲಗುವುದಂತೂ ಬೇಡವೇ ಬೇಡ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರಿಗೆ ಗೊತ್ತೇ ಆಗಲ್ಲ. ಹಳ್ಳಿಯಲ್ಲಿ ಪರಿಚಯದವರ ಮನೆಯಿಂದ ವೈರ್ ಎಳೆದರೂ ಸಂಜೆ ವೋಲ್ಟೇಜ್ ಕುಸಿದಾಗ ಕಂಪ್ರೆಸರ್ ಗುಂಯ್‌ಗುಡುತ್ತದೆ, ತಿರುಗಲ್ಲ. ಸ್ಟೆಬಿಲೈಜರ್ ಬೇಕೇ ಬೇಕು. ಇನ್ನು ಶಬ್ದ. ಈ ಕಂಪ್ರೆಸರಿಗೆ ಇರುವುದು ಒಂದೇ ವೇಗ. ತಂಪಾದಾಗ ಆಫ್, ಸೆಕೆಯಾದಾಗ ನೆತ್ತಿಯ ಮೇಲೆ ಧಡಕ್ ಅಂತ ಆನ್. ನಿದ್ದೆ ಸೂಕ್ಷ್ಮ ಇರುವವರಿಗೆ ಕಷ್ಟ.

ಹಿಂದಿನ ಬ್ಯಾಟರಿ ಎಸಿಯ ಕಥೆ ಪೂರಾ ಉಲ್ಟಾ. ಇದು ಲಾರಿಗಳಿಗೆ ಅಂತ ಬರುವ ಪಾರ್ಕಿಂಗ್ ಎಸಿಯ ಜಾತಿ. ಇನ್ವರ್ಟರ್ ಕಂಪ್ರೆಸರ್, ಬೇಕಾದಷ್ಟೇ ವೇಗದಲ್ಲಿ ತಿರುಗುತ್ತದೆ. ಬದಾಮಿಯ ಅದೇ ಮಧ್ಯಾಹ್ನ, ಪರದೆಯ ಆಚೆ ಇದು ಜೋರಾಗಿ ಓಡಿದರೂ 33ರ ಹತ್ತಿರವೇ ನಿಂತುಬಿಟ್ಟಿತ್ತು. ಎಂಟೊಂಬತ್ತು ಸಾವಿರ ಬಿಟಿಯು ಯಂತ್ರ, ಅದಾದರೂ ಏನು ಮಾಡೀತು? ಆಗ ಅದು ಎಳೆಯುವುದು 30 ಆಂಪಿಯರ್, 800 ವ್ಯಾಟಿನ ಒಳಗೆ. ನಮ್ಮ ಲಿಥಿಯಂ ಬ್ಯಾಟರಿ 24 ವೋಲ್ಟ್, 200 ಆಂಪಿಯರ್ ಅವರ್. ಅಂದರೆ ಸುಮಾರು 5 ಯೂನಿಟ್ ಕರೆಂಟ್. ಮಧ್ಯಾಹ್ನದಿಂದಲೇ ಹಚ್ಚಿದರೆ ಆರು ತಾಸಿಗೆ ಬ್ಯಾಟರಿ ಬರಿದು, ರಾತ್ರಿಗೆ ಏನೂ ಉಳಿಯಲ್ಲ.

ಅದೇ ಯಂತ್ರ ರಾತ್ರಿ ಬೇರೆಯೇ ಥರ. ಬದಾಮಿಯ ಕೆಂಪು ಬಂಡೆ ಹೊತ್ತು ಮುಳುಗಿದ ಮೇಲೂ ತಾಸುಗಟ್ಟಲೆ ಕಾವು ಕಾರುತ್ತದೆ, ಆದರೂ ಛಾವಣಿಯ ಬಿಸಿ ಇಳಿದಿರುತ್ತದಲ್ಲ. ಒಮ್ಮೆ ಒಳಗೆ ತಂಪಾಯಿತು ಅಂದರೆ ವೇಗ ಇಳಿಸಿಕೊಂಡು 400 ವ್ಯಾಟಿನ ಆಸುಪಾಸಿನಲ್ಲಿ ಬೆಳಗಿನವರೆಗೆ ಓಡುತ್ತದೆ. ಸದ್ದು ಫ್ಯಾನಿನಷ್ಟೇ. ಜನರೇಟರ್ ಇಲ್ಲ, ವೈರ್ ಇಲ್ಲ, ಯಾರ ಮನೆಯ ಪ್ಲಗ್ಗಿನ ಹಂಗೂ ಇಲ್ಲ. ನಮ್ಮವ್ವ ಮೊದಲು "ಇದೇನು ಎಸಿನೋ ಆಟಿಗಿ ಸಾಮಾನೋ" ಅಂತ ಗೊಣಗಿದ್ದಳು. ಈಗ ಹಿಂದಿನ ಹಾಸಿಗೆ ಬಿಟ್ಟುಕೊಡಲ್ಲ.

ದುಡ್ಡು? ಎಸಿಗಿಂತ ಬ್ಯಾಟರಿಗೇ ಜಾಸ್ತಿ. ಇದರಲ್ಲಿ ಮುಚ್ಚುಮರೆಯಿಲ್ಲ. ಸೋಲಾರ್ ಇದೆಯಲ್ಲ ಅಂತೀರಿ. ಇದೆ, ಛಾವಣಿ ಮೇಲೆ ಎರಡು ಪ್ಯಾನೆಲ್ ಹಾಕಿದ್ದೇವೆ. ಆದರೆ ಎಸಿ ಡಬ್ಬಿಯ ನೆರಳು ಪ್ಯಾನೆಲ್ಲಿನ ಒಂದು ಮೂಲೆಗೆ ಬಿದ್ದರೂ ಕರೆಂಟ್ ಧಬಕ್ಕನೆ ಇಳಿಯುತ್ತದೆ. ಎಸಿ ಎತ್ತರ ಕಮ್ಮಿ ಇದ್ದಷ್ಟೂ ಈ ತಾಪತ್ರಯ ಕಮ್ಮಿ, ರಸ್ತೆ ಬದಿಯ ಹುಣಸೆ ಟೊಂಗೆ ಬಡಿಯುವ ಭಯವೂ ಕಮ್ಮಿ. ಬ್ಯಾಟರಿಯಿಂದ ಎಸಿಗೆ ಹೋಗುವ ಕೇಬಲ್ ದಪ್ಪದ್ದೇ ಇರಬೇಕು, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಬೇಕು. 30 ಆಂಪಿಯರ್ ಅಂದರೆ ಸುಮ್ನೆ ಅಲ್ಲ. ತೆಳ್ಳಗಿನ ವೈರ್ ಕಾಯುತ್ತದೆ, ಆ ಕಡೆ ವೋಲ್ಟೇಜ್ ಇಳಿದು ಎಸಿ ತಾನಾಗೇ ಬಂದ್ ಆಗುತ್ತದೆ.

ಗೆಳೆಯನ ಸ್ಪ್ಲಿಟ್ ಎಸಿಗೆ ಬರೋಣ. ಒಂದು ಟನ್ ಇನ್ವರ್ಟರ್. ಹೊರಗಿನ ಯೂನಿಟ್ಟನ್ನು ಗಾಡಿಯ ಬೆನ್ನಿಗೆ ಬ್ರಾಕೆಟ್ ಮಾಡಿಸಿ ಕೂರಿಸಿದ್ದಾನೆ. ಬ್ರಾಕೆಟ್ ಕೆಲಸ ಬೆಳಗಾವಿಯ ಉದ್ಯಮಬಾಗದಲ್ಲಿ ಮಾಡಿಸಿದ್ದು, ಗಟ್ಟಿಮುಟ್ಟಾಗಿದೆ. ಮೂರರಲ್ಲಿ ಅತಿ ಅಗ್ಗ ಇದೇ. ತಂಪು ಚೆನ್ನಾಗಿದೆ, ಸದ್ದು ಇಲ್ಲವೇ ಇಲ್ಲ. ಇನ್ನೊಂದು ದೊಡ್ಡ ಲಾಭ: ಇಳಕಲ್ಲಿರಲಿ ಇಂಡಿಯಿರಲಿ, ಮನೆ ಎಸಿ ರಿಪೇರಿಯವನು ಸಿಗುತ್ತಾನೆ. ನನ್ನ ರೂಫ್‌ಟಾಪಿನ ಪಾರ್ಟು ಬೇಕಂದರೆ ಕೊರಿಯರ್ ಕಾಯಬೇಕು.

ಆದರೆ ಗೋಡೆಗೆ ಅಂತ ಮಾಡಿದ್ದು ಗಾಡಿಗೆ ಒಗ್ಗುವುದು ಕಷ್ಟ. ತಾಮ್ರದ ಪೈಪಿನ ತುದಿಯ ಫ್ಲೇರ್ ನಟ್ಟು ಕುಲುಕಾಟಕ್ಕೆ ಸಡಿಲಾಗುತ್ತದೆ, ಗ್ಯಾಸ್ ಸೋರುತ್ತದೆ. ಅವನು ಪೈಪನ್ನು ಒಂದು ಸುತ್ತು ಸುತ್ತಿಸಿ, ಯೂನಿಟ್ ಕೆಳಗೆ ರಬ್ಬರ್ ಬುಷ್ ಹಾಕಿಸಿದ ಮೇಲೆ ಸೋರುವುದು ಕಡಿಮೆಯಾಗಿದೆ, ನಿಂತಿಲ್ಲ. ಹಿಂದಿನ ಗಾಲಿ ಎಬ್ಬಿಸಿದ ಧೂಳೆಲ್ಲ ಹೊರಗಿನ ಯೂನಿಟ್ಟಿಗೇ. ಇಷ್ಟಾದರೂ ಅವನ ಲೆಕ್ಕ ತಪ್ಪು ಅನ್ನಲ್ಲ. ಅವನು ತಿರುಗುವುದಕ್ಕಿಂತ ತನ್ನ ತೋಟದಲ್ಲಿ ಗಾಡಿ ನಿಲ್ಲಿಸಿ ಪ್ಲಗ್ ಹಾಕಿ ಮಲಗುವುದೇ ಜಾಸ್ತಿ.

ಕೂಲರ್ ಬಗ್ಗೆ ನಾಲ್ಕೇ ಮಾತು. ಏಪ್ರಿಲ್‌ನ ಒಣ ಹವೆಯಲ್ಲಿ, ಕಿಟಕಿ ಸ್ವಲ್ಪ ತೆರೆದಿಟ್ಟರೆ, ನೂರೈವತ್ತು ವ್ಯಾಟಿನೊಳಗೆ ಅದು ಕೊಡುವ ತಂಪು ನಿಜಕ್ಕೂ ದೊಡ್ಡದು. ಆದರೆ ಟ್ಯಾಂಕಿನ ನೀರು ಹೀರುತ್ತದೆ, ಬೋರಿನ ಸವಳು ನೀರಿಗೆ ಪ್ಯಾಡ್ ಬೆಳ್ಳಗೆ ಗಟ್ಟಿಯಾಗುತ್ತದೆ. ಮಳೆಗಾಲದ ಬೆಳಗಾವಿಯಲ್ಲಿ ಹಚ್ಚಿದರೆ ಹಾಸಿಗೆ ಅಂಟಂಟು. ಎಂಜಿನ್ನಿಗೆ ಕಟ್ಟಿದ ಬಸ್ ಎಸಿ ನನಗೆ ಲೆಕ್ಕಕ್ಕೇ ಇಲ್ಲ, ಗಾಡಿ ನಿಂತರೆ ಅದೂ ನಿಂತಿತು.

ಯಾವುದನ್ನೇ ಹಾಕಿಸಿ, ಎಸಿ ಇಳಿಸಿ ತೂತು ಖಾಲಿ ಇರುವಾಗಲೇ ಛಾವಣಿಯ ಒಳಗೆ ಶಾಖ ತಡೆಯುವ ನೈಟ್ರೈಲ್ ಫೋಮ್ ಹೊಡೆಸಿ, ಹೊರಗೆ ಬಿಳಿ ಬಣ್ಣ ಬಳಿಸಿಬಿಡಿ. ನಾವು ಮುಂದಿನ ಭಾಗಕ್ಕೆ ಮೊದಲು ಮಾಡಿಸಿ, ಹಿಂದಿನದಕ್ಕೆ ಆಮೇಲೆ ಮಾಡಿಸಿದ್ದರಿಂದ ವ್ಯತ್ಯಾಸ ಕೈಗೇ ಗೊತ್ತಾಯಿತು. ಮುಂದಿನ ಛಾವಣಿ ಒಳಗಿನಿಂದ ಮುಟ್ಟಿದರೆ ಬೆಚ್ಚಗೆ, ಹಿಂದಿನದು ಅಂಗೈ ಇಡೋಕೆ ಆಗದಷ್ಟು ಬಿಸಿ. ಗಾಡಿಯ ರೂಪ, ತೂಕ ಬದಲಾಗುವಂಥ ಕೆಲಸವಿದ್ದರೆ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಾರ್ಪಾಡಿಗೆ ಸಂಬಂಧಿಸಿದ್ದೇ.

ಬೆಳಗಾವಿಯಲ್ಲಿರುವ ನಮ್ಮ ಅಳಿಯ ಒಂದೇ ತೂತಿನ ಟ್ರಾವೆಲರ್ ತಗೊಂಡು "ಮಾವಾ, ನಾನ್ಯಾವುದು ಹಾಕಿಸ್ಲಿ?" ಅಂತ ಕೇಳಿದ. ಅವನ ಓಡಾಟ ಬಹುತೇಕ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ, ರಾತ್ರಿ ಎಲ್ಲೆಂದರಲ್ಲಿ ನಿಲ್ಲುವ ಚಾಳಿ. ಬ್ಯಾಟರಿ ಎಸಿ ಅಂದೆ. ಜೊತೆಗೆ ಡ್ರೈನ್ ಪೈಪ್ ಸರಿಯಾಗಿ ಮಾಡಿಸು ಅಂದೆ. ನಮ್ಮ ಒಣ ಊರಲ್ಲಿ ಎಸಿಯಿಂದ ನೀರು ತೊಟ್ಟಿಕ್ಕುವುದೇ ಕಡಿಮೆ, ಕರಾವಳಿಯ ಹವೆಗೆ ಬಕೆಟ್ ತುಂಬುತ್ತದೆ. ವಿಜಯಪುರದಲ್ಲೇ ಇದ್ದು, ಮೇ ತಿಂಗಳ ಮಧ್ಯಾಹ್ನ ಮಕ್ಕಳು ಮುದುಕರನ್ನು ಕರೆದುಕೊಂಡು ತಿರುಗುವವನಾಗಿದ್ದರೆ 230 ವೋಲ್ಟಿನದ್ದನ್ನೇ ಹೇಳುತ್ತಿದ್ದೆ, ಜನರೇಟರ್ ಗದ್ದಲ ಸಹಿಸಿಕೋ ಅಂತ.