ಹುಳು ಮನೆಯಲ್ಲಿ ಮೂರು ವರ್ಷ ಬಳಸಿದ ಸಂಗೀತ ಆ್ಯಪ್

ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರಲ್ಲಿ ರೇಷ್ಮೆ ಹುಳು ಸಾಕುವ ನಾನು ಮೂರು ವರ್ಷಗಳಿಂದ ತಿಂಗಳಿಗೆ ನೂರು ರೂಪಾಯಿಯ ಆಸುಪಾಸು ಚಂದಾ ಕಟ್ಟಿ ಒಂದು ಸಂಗೀತ ಆ್ಯಪ್ ಬಳಸುತ್ತಿದ್ದೇನೆ. ಅದರ ಹೆಸರನ್ನು ಬರೆಯುತ್ತಿಲ್ಲ. ಇಂಥ ಯಾವುದೇ ಆ್ಯಪ್‌ಗೆ ಹಣ ಕಟ್ಟುವ ಮೊದಲು ಏನೇನು ಪರೀಕ್ಷಿಸಿ ನೋಡಬೇಕು ಎಂಬುದನ್ನು ತಿಳಿಸುವುದೇ ನನ್ನ ಉದ್ದೇಶ.

ನಾನು ಚಂದಾ ಕಟ್ಟಿದ್ದು ಮುಖ್ಯವಾಗಿ ಹಾಡುಗಳನ್ನು ಮನೆಯವರೊಂದಿಗೆ ಹಂಚಿಕೊಳ್ಳುವುದಕ್ಕೆ. ತುಮಕೂರಿನಲ್ಲಿರುವ ಅಕ್ಕ, ಊರಿನಲ್ಲಿರುವ ಅಪ್ಪ ಮತ್ತು ನಾನು ಸೇರಿ ‘ಈಗ ಕೇಳ್ತಿರೋದು’ ಎಂಬ ಒಂದು ಪಟ್ಟಿ ಮಾಡಿಕೊಂಡಿದ್ದೇವೆ. ಮೂವರಲ್ಲಿ ಯಾರು ಬೇಕಾದರೂ ಅದಕ್ಕೆ ಹಾಡು ಸೇರಿಸಬಹುದು, ಸೇರಿಸಿದವರ ಹೆಸರು ಹಾಡಿನ ಪಕ್ಕದಲ್ಲೇ ಕಾಣುತ್ತದೆ. ಮೊದಲು ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಕಳುಹಿಸುತ್ತಿದ್ದೆವು. ಅದು ಮದುವೆಯ ಫೋಟೊಗಳ ಮತ್ತು ಶುಭೋದಯಗಳ ನಡುವೆ ಹೂತುಹೋಗಿ ಯಾರೂ ಕೇಳುತ್ತಿರಲಿಲ್ಲ. ಈಗ ಅಕ್ಕ ರಾತ್ರಿ ಸೇರಿಸಿದ ಹಾಡು ಮರುದಿನ ಬೆಳಗ್ಗೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುವ ಹೊತ್ತಿಗೆ ನನ್ನ ಕಿವಿಗೆ ಬಿದ್ದಿರುತ್ತದೆ. ಎರಡು ತಿಂಗಳಿನಿಂದ ಅವಳು ಮಲ್ಲಿಕಾರ್ಜುನ ಮನ್ಸೂರರನ್ನು ಬಿಟ್ಟು ಬೇರೇನನ್ನೂ ಸೇರಿಸಿಲ್ಲ. ಅವರು ಹಾಡುವ ಹಿಂದುಸ್ತಾನಿ ಸಂಗೀತ ನನಗೆ ದೂರದ ವಿಷಯವಾಗಿತ್ತು. ಆದರೆ ಜೈಪುರ-ಅತ್ರೌಲಿ ಘರಾನೆಯ, ಅಂದರೆ ಆ ಗಾಯನ ಪರಂಪರೆಯ, ಅಪರೂಪದ ರಾಗಗಳನ್ನು ಅವರು ಒಂದೇ ಉಸಿರಿನ ಹಿಡಿತದಲ್ಲಿ ಸುತ್ತಿ ಸುತ್ತಿ ತಾಳದ ಮೊದಲ ಪೆಟ್ಟಾದ ಸಮಕ್ಕೆ ತಂದು ನಿಲ್ಲಿಸುವ ರೀತಿಗೆ ನಾನೂ ಒಲಿದಿದ್ದೇನೆ. ಅಪ್ಪನದು ದೊರೆಸ್ವಾಮಿ ಅಯ್ಯಂಗಾರರ ವೀಣೆ; ಅವರ ನುಡಿಸಾಣಿಕೆಯನ್ನು ಆಕಾಶವಾಣಿಯಲ್ಲಿ ಕೇಳುತ್ತಾ ಬೆಳೆದವರು ಅಪ್ಪ. ನನ್ನದು ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್.

ಧ್ವನಿಯ ಗುಣಮಟ್ಟ ಉತ್ತಮವಾಗಿದೆ, ಆದರೆ ಅದನ್ನು ನಾವೇ ಸೆಟ್ಟಿಂಗ್ಸ್‌ಗೆ ಹೋಗಿ ಕೇಳಿ ಪಡೆಯಬೇಕು. ಮೊದಲಿಗೆ ಅದು 96 ಕೆಬಿಪಿಎಸ್‌ನಲ್ಲಿ (ಪ್ರತಿ ಸೆಕೆಂಡಿಗೆ ಹರಿಯುವ ಡೇಟಾದ ಅಳತೆ; ಅದು ಹೆಚ್ಚಿದಷ್ಟು ಧ್ವನಿ ಸ್ಪಷ್ಟ) ಇತ್ತು. 320ಕ್ಕೆ ಏರಿಸಿದಾಗ ವೀಣೆಯ ತಂತಿಯನ್ನು ಮೀಟಿದ ಮೇಲೆ ನಾದ ಕರಗುತ್ತಾ ಹೋಗುವ ಭಾಗ, ಅಂದರೆ ಸ್ವರವನ್ನು ತೂಗಿ ಜಾರಿಸುವ ಗಮಕದ ಜೀವವೇ ಇರುವ ಭಾಗ, ಸ್ಪಷ್ಟವಾಯಿತು. ಇದಕ್ಕೆ ಗಂಟೆಗೆ ಸುಮಾರು 144 ಎಂಬಿ ಡೇಟಾ ಖರ್ಚಾಗುತ್ತದೆ, 96ರಲ್ಲಾದರೆ ಸುಮಾರು 43. ಹಳೆಯ ಧ್ವನಿಮುದ್ರಣಗಳಿಗೆ ಇಷ್ಟು ಖರ್ಚು ಮಾಡಬೇಕಾಗಿಲ್ಲ. ಮೂಲ ಟೇಪಿನಲ್ಲಿ ಇಲ್ಲದ್ದನ್ನು ಯಾವ ಸೆಟ್ಟಿಂಗ್ ತಂದುಕೊಟ್ಟೀತು? ಇನ್ನೊಂದು ಸೆಟ್ಟಿಂಗನ್ನು ಮಾತ್ರ ಎಲ್ಲರೂ ಮೊದಲ ದಿನವೇ ಸರಿಪಡಿಸಿಕೊಳ್ಳಬೇಕು. ಕರ್ನಾಟಕ ಸಂಗೀತದಲ್ಲಿ ಒಂದರ ಹಿಂದೊಂದು ಬರುವ ರಾಗ (ಆಲಾಪನೆ), ತಾನ, ಪಲ್ಲವಿಗಳನ್ನು ಮೂರು ಟ್ರ್ಯಾಕ್‌ಗಳಾಗಿ ಕತ್ತರಿಸಿರುವ ಕಡೆ, ಆಲಾಪನೆ ಮುಗಿದು ತಾನ ಆರಂಭವಾಗುವ ಜಾಗದಲ್ಲಿ ತಂಬೂರಿ ಥಟ್ಟನೆ ನಿಂತು ಮತ್ತೆ ಶುರುವಾಗುತ್ತಿತ್ತು. ‘ಗ್ಯಾಪ್‌ಲೆಸ್’ ಎಂಬುದನ್ನು ಆನ್ ಮಾಡಿದ ಮೇಲೆ ಆ ತೊಂದರೆ ತಪ್ಪಿತು.

ನನಗೆ ಅತ್ಯಂತ ನೋವು ಕೊಟ್ಟಿರುವುದು ಹುಡುಕಾಟ. ಮುಳಬಾಗಿಲಿನ ಶ್ರೀಪಾದರಾಜರು ಹದಿನೈದನೆಯ ಶತಮಾನದಲ್ಲೇ ಕನ್ನಡದಲ್ಲಿ ದೇವರನಾಮಗಳನ್ನು ರಚಿಸಿದವರು; ಅವರ ರಚನೆಗಳನ್ನು ಕನ್ನಡ ಅಕ್ಷರಗಳಲ್ಲಿ ಹುಡುಕಿದರೆ ಬೆರಳೆಣಿಕೆಯಷ್ಟು ಮಾತ್ರ ಸಿಗುತ್ತವೆ. ಇಂಗ್ಲಿಷ್ ಅಕ್ಷರಗಳಲ್ಲಿ ‘ಶ್ರೀ’ಗೆ ಎಚ್ ಹಾಕಿ ಒಮ್ಮೆ, ಹಾಕದೆ ಒಮ್ಮೆ, ಕೊನೆಯಲ್ಲಿ ‘ರಾಜ’ ಎಂದು ಒಮ್ಮೆ, ‘ರಾಯ’ ಎಂದು ಒಮ್ಮೆ ಹುಡುಕಿದಾಗ ಪ್ರತಿ ಸಲವೂ ಬೇರೆಯೇ ಪಟ್ಟಿ ಬರುತ್ತದೆ. ಕೈವಾರ ತಾತಯ್ಯನವರ ತತ್ವಪದಗಳ ಪಾಡು ಇದಕ್ಕಿಂತ ಕಷ್ಟ. ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದವರು, ನಮ್ಮ ಕಡೆಯ ಭಜನೆಯಲ್ಲಿ ಒಂದು ಪದ ಕನ್ನಡದ್ದಾದರೆ ಮುಂದಿನದು ತೆಲುಗಿನದು, ಹಾಡುವವರಿಗೂ ಕೇಳುವವರಿಗೂ ಅದು ಎರಡೆಂದು ಅನ್ನಿಸುವುದೇ ಇಲ್ಲ. ಆ್ಯಪ್ ಮಾತ್ರ ಭಾಷೆಯ ಲೆಕ್ಕದಲ್ಲಿ ಅವನ್ನು ಎರಡು ಮೂಲೆಗಳಿಗೆ ಹಂಚಿಬಿಟ್ಟಿದೆ. ಕನ್ನಡವೊಂದನ್ನೇ ಆರಿಸಿಕೊಂಡವರಿಗೆ ತಾತಯ್ಯನವರು ಅರ್ಧವೇ ಕಾಣುತ್ತಾರೆ. ಗುರುಪೂರ್ಣಿಮೆಗೆ ಕೈವಾರದಲ್ಲಿ 72 ಗಂಟೆಗಳ ಅಖಂಡ ಸಂಗೀತ ನಡೆಯುವುದನ್ನು ಬಲ್ಲವರಿಗೆ ಇದು ಎಷ್ಟು ದೊಡ್ಡ ಕೊರತೆ ಎಂದು ವಿವರಿಸಬೇಕಾಗಿಲ್ಲ. ನಾವು ಮೂವರೂ ಸಿಕ್ಕಸಿಕ್ಕಲ್ಲಿಂದ ಆಯ್ದು ಒಂದೆಡೆ ಸೇರಿಸಿಟ್ಟಿರುವ ಪದಗಳು ಈಗ ನಲವತ್ತನ್ನು ದಾಟಿವೆ.

ಜನಪದದ ವಿಷಯದಲ್ಲಂತೂ ಹೇಳುವುದಕ್ಕೇ ಬೇಸರವಾಗುತ್ತದೆ. ನಮ್ಮ ತಾಲ್ಲೂಕಿನ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿ 2023ರಲ್ಲಿ ಪದ್ಮಶ್ರೀ ಬಂದಾಗ ಸಂತೋಷದಿಂದ ಹುಡುಕಿದೆ. ನಾನು ಬಳಸುವ ಆ್ಯಪ್‌ನಲ್ಲಿ ಅವರ ವಾದನ ಸಿಗಲೇ ಇಲ್ಲ. ಹಬ್ಬ, ಜಾತ್ರೆಗಳಲ್ಲಿ ತಮಟೆಯನ್ನು ಎದೆಯಲ್ಲಿ ಅನುಭವಿಸಿದವರು ಅದನ್ನು ಇಂಥ ಕಡೆ ನಿರೀಕ್ಷಿಸಿ ಹಣ ಕಟ್ಟಬಾರದು.

ಡೌನ್‌ಲೋಡ್ ಸೌಲಭ್ಯದ ಒಂದು ನಿಯಮವನ್ನು ನಾನು ಕಷ್ಟಪಟ್ಟು ಕಲಿತೆ. ಹುಳು ಮನೆಯಲ್ಲಿ ಸಿಮ್ ಇಲ್ಲದ ಹಳೆಯ ಫೋನೊಂದನ್ನು ಸಣ್ಣ ಸ್ಪೀಕರಿಗೆ ಜೋಡಿಸಿ ಇಟ್ಟಿದ್ದೇನೆ. ನಾಲ್ಕನೇ ಜ್ವರದಿಂದ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ಹಂತದಿಂದ, ಎದ್ದ ಹುಳುಗಳಿಗೆ ಸೊಪ್ಪು ಎಷ್ಟು ಹಾಕಿದರೂ ಸಾಲದು. ನಡುರಾತ್ರಿ ಕಡ್ಡಿ ಸೊಪ್ಪು ಹರಡಿದ ಮೇಲೆ ಸಾವಿರಾರು ಹುಳುಗಳು ಮೇಯುವ ಸರಸರ ಸದ್ದಿನ ಮೇಲೆ ವೀಣೆ ಕೇಳುವುದು ನನ್ನ ದಿನದ ಅತ್ಯಂತ ನೆಮ್ಮದಿಯ ಗಳಿಗೆ. ಅಂಥ ಒಂದು ರಾತ್ರಿ ಪಟ್ಟಿಯಲ್ಲಿದ್ದ ಯಾವ ಹಾಡೂ ತೆರೆಯಲಿಲ್ಲ. ಮೂವತ್ತು ದಿನಕ್ಕೊಮ್ಮೆಯಾದರೂ ಫೋನನ್ನು ಇಂಟರ್ನೆಟ್‌ಗೆ ಜೋಡಿಸದಿದ್ದರೆ ಡೌನ್‌ಲೋಡ್ ಮಾಡಿದ್ದೆಲ್ಲ ಮುಚ್ಚಿಹೋಗುತ್ತದೆ ಎಂಬುದು ಆಗ ತಿಳಿಯಿತು. ಈಗ ಪ್ರತಿ ಬೆಳೆಗೆ ಮರಿ ತರುವ ದಿನ ಆ ಫೋನಿಗೆ ನನ್ನ ಫೋನಿನಿಂದ ಹಾಟ್‌ಸ್ಪಾಟ್ ಕೊಡುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಹಾಡುಗಳೇ ಮಾಯವಾಗುವುದಕ್ಕೆ ಮಾತ್ರ ನಮ್ಮ ಬಳಿ ಪರಿಹಾರವಿಲ್ಲ. ಹಕ್ಕು ಹೊಂದಿರುವ ಕಂಪನಿಯೊಂದಿಗಿನ ಒಪ್ಪಂದ ಮುಗಿದರೆ ಹಾಡಿನ ಹೆಸರು ಪಟ್ಟಿಯಲ್ಲಿ ಮಸುಕಾಗಿ ಉಳಿಯುತ್ತದೆ, ಒತ್ತಿದರೆ ಕೇಳುವುದಿಲ್ಲ. ಅಪ್ಪ ಸೇರಿಸಿದ್ದ ಮೊದಲ ವೀಣೆಯ ಟ್ರ್ಯಾಕ್ ಹೀಗೆ ಮಸುಕಾಗಿ ಒಂದು ವರ್ಷವಾಯಿತು. ಅದನ್ನು ಅಳಿಸಬೇಡ ಎಂದು ಅಪ್ಪ ಹೇಳಿದ್ದಾರೆ. ಅದರ ಪಕ್ಕದಲ್ಲಿ ಅವರ ಹೆಸರು ಹಾಗೇ ಇದೆ.

ಆದ್ದರಿಂದ ಬಹಳ ಬೇಕಾದ ಧ್ವನಿಮುದ್ರಣವಿದ್ದರೆ ಅದರ ಸಿ.ಡಿ.ಯನ್ನೋ ಖರೀದಿಸಿದ ಪ್ರತಿಯನ್ನೋ ಬೇರೆಯಾಗಿ ಇಟ್ಟುಕೊಳ್ಳಿ. ಒಬ್ಬರೇ ಕೇಳುವವರಾದರೆ ಚಂದಾ ಕಟ್ಟುವ ಮುನ್ನ ನಿಮ್ಮ ಇಷ್ಟದ ಹತ್ತು ಹಾಡುಗಳನ್ನು ಹುಡುಕಿ ನೋಡಿ. ಬೇರೆ ಬೇರೆ ಊರುಗಳಲ್ಲಿರುವ ಮನೆಮಂದಿ ಸೇರಿ ಕೇಳುವುದಾದರೆ ಧೈರ್ಯವಾಗಿ ಕಟ್ಟಬಹುದು. ನಾನು ನಾಲ್ಕನೆಯ ವರ್ಷಕ್ಕೂ ಕಟ್ಟಿದ್ದೇನೆ. ನಿನ್ನೆ ಸಂಜೆ ಅಕ್ಕ ಕೊನೆಗೂ ಮನ್ಸೂರರನ್ನು ಬಿಟ್ಟು ಕದ್ರಿಯವರದೊಂದು ಸೇರಿಸಿದ್ದಾಳೆ. ಇಂದು ರಾತ್ರಿಯ ಸೊಪ್ಪಿಗೆ ಅದೇ.