‘ದ ಎಬಿಸಿ ಮರ್ಡರ್ಸ್’: ತಾರೀಖು ಗುರುತು ಹಾಕಿಕೊಂಡು ಓದಬೇಕಾದ ಪತ್ತೇದಾರಿ

ಅಗಾಥಾ ಕ್ರಿಸ್ಟಿಯವರ ಪತ್ತೇದಾರ ಪ್ವಾರೋನ ಕಾದಂಬರಿ ಸರಣಿ 1920ರಲ್ಲಿ ಶುರುವಾಗಿ 1975ರವರೆಗೆ ನಡೆಯಿತು. ಎಲ್ಲಿಂದ ಹಿಡಿಯಬೇಕು ಎಂದು ಕೇಳುವ ಹುಬ್ಬಳ್ಳಿ ಕಡೆಯ ಓದುಗರ ಕೈಗೆ ಧೈರ್ಯವಾಗಿ ಕೊಡಬಹುದಾದದ್ದು 1936ರ ‘ದ ಎಬಿಸಿ ಮರ್ಡರ್ಸ್’. ರೈಲಿನ ಊರಿನವರಿಗೆ ಇದು ಬೇಗ ಹಿಡಿಸುತ್ತದೆ.

ಕೊಲೆಗಾರ ಊರು, ತಾರೀಖು ತಿಳಿಸಿ ಪ್ವಾರೋಗೆ ಮೊದಲೇ ಪತ್ರ ಹಾಕುತ್ತಾನೆ. ಇಂಗ್ಲೆಂಡಿನ ಆ್ಯಂಡೋವರ್‌ನಲ್ಲಿ ಆ್ಯಶರ್, ಬೆಕ್ಸ್‌ಹಿಲ್‌ನಲ್ಲಿ ಬಾರ್ನಾರ್ಡ್, ಚರ್ಸ್ಟನ್‌ನಲ್ಲಿ ಕ್ಲಾರ್ಕ್. ಪ್ರತಿ ಸಲವೂ ಅಲ್ಲೊಂದು ಎಬಿಸಿ ರೈಲ್ವೆ ಗೈಡ್ ಸಿಗುತ್ತದೆ. ಬ್ರಾಡ್‌ಶಾ ಗೈಡಿನಲ್ಲಿ ವೇಳಾಪಟ್ಟಿ ಮಾರ್ಗದ ಪ್ರಕಾರ ಇದ್ದರೆ, ಎಬಿಸಿಯಲ್ಲಿ ಊರುಗಳು ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿರುತ್ತವೆ. ನಮ್ಮ ಕಡೆ ಅಂಥದ್ದೊಂದು ಮಾಡಿದರೆ ಗದಗ ಮಾರ್ಗದ ಅಣ್ಣಿಗೇರಿ ಮುಗಿದು ಸ್ವಲ್ಪದರಲ್ಲೇ ಹಾವೇರಿ ಮಾರ್ಗದ ಬ್ಯಾಡಗಿ ಬಂದೀತು. ಸತ್ತವರೂ ಹಾಗೆಯೇ: ಸಣ್ಣ ಅಂಗಡಿ ಇಟ್ಟುಕೊಂಡ ಮುದುಕಿ, ಕೆಫೆಯಲ್ಲಿ ಕೆಲಸ ಮಾಡುವ ಹುಡುಗಿ, ‘ಸರ್’ ಪದವಿಯ ಶ್ರೀಮಂತ. ಅಕ್ಷರ ಬಿಟ್ಟರೆ ಇವರಿಗೆ ಬೇರೆ ನಂಟು ಕಾಣುವುದಿಲ್ಲ.

ಅಧ್ಯಾಯಗಳು ಚಿಕ್ಕವು, ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿಬರುವಾಗ ಓದಲು ಸರಿಹೋಗುತ್ತವೆ. ಆದರೆ ಬಿಟ್ಟು ಬಿಟ್ಟು ಓದಿದರೆ ಎಳೆ ತಪ್ಪುತ್ತದೆ. ಜೂನ್ 21, ಜುಲೈ 25, ಆಗಸ್ಟ್ 30, ಸೆಪ್ಟೆಂಬರ್ 11: ಕೊಲೆಗಾರ ಪತ್ರಗಳಲ್ಲಿ ತಿಳಿಸುವ ಈ ನಾಲ್ಕು ತಾರೀಖು ಒಂದು ಚೀಟಿಯಲ್ಲಿ ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ. ಕಥೆ ಹೇಳುವವನು ಪ್ವಾರೋನ ಗೆಳೆಯ ಹೇಸ್ಟಿಂಗ್ಸ್. ನಡುನಡುವೆ ಮಾತ್ರ ಅವನು ಕಾಣದ ಘಟನೆಗಳ ಅಧ್ಯಾಯಗಳಿವೆ, ಶೀರ್ಷಿಕೆಯ ಕೆಳಗೇ ಅದನ್ನು ಸ್ಪಷ್ಟವಾಗಿ ಹೇಳಿದೆ. ಆ ಸಾಲು ಹಾರಿಸಿದವರು ಕಸ್ಟ್ ಎಂಬ ಮನುಷ್ಯನನ್ನು ಯಾರು ನೋಡುತ್ತಿದ್ದಾರೆ ಎಂದು ತಿಳಿಯದೆ ಒದ್ದಾಡುತ್ತಾರೆ.

ಮೂರನೆಯ ಪತ್ರದ ಲಕೋಟೆಯ ಹತ್ತಿರ ಸಾವಕಾಶ ನಿಲ್ಲಿ. ಪ್ವಾರೋ ಇರುವುದು ವೈಟ್‌ಹೇವನ್ ಮ್ಯಾನ್ಶನ್ಸ್‌ನಲ್ಲಿ. ಲಕೋಟೆಯ ಮೇಲಿರುವುದು ವೈಟ್‌ಹಾರ್ಸ್ ಮ್ಯಾನ್ಶನ್ಸ್. ಪತ್ರ ಎಲ್ಲೆಲ್ಲೋ ಸುತ್ತಿ ಕೈಸೇರುವಾಗ ಹೇಳಿದ ದಿನವೇ ಬಂದು ರಾತ್ರಿಯಾಗಿರುತ್ತದೆ. ಇಂಗ್ಲಿಷ್ ಓದುವ ವೇಗದಲ್ಲಿ ಹೇವನ್, ಹಾರ್ಸ್ ಎರಡೂ ಒಂದೇ ಎನಿಸಿ ಕಣ್ಣು ಮುಂದೆ ಜಾರಿಬಿಡುತ್ತದೆ. ಕ್ರಿಸ್ಟಿ ಇದನ್ನು ಬಚ್ಚಿಟ್ಟಿಲ್ಲ, ಎಲ್ಲರ ಎದುರಿಗೇ ಇಟ್ಟಿದ್ದಾರೆ. ಓದುಗರಿಗೆ ಮೋಸ ಮಾಡದೆ ಒಗಟು ಕಟ್ಟುವ ಈ ಪ್ರಾಮಾಣಿಕತೆಗಾಗಿಯೇ ಪುಸ್ತಕ ಎರಡನೆಯ ಓದಿಗೂ ನಿಲ್ಲುತ್ತದೆ.

ಕೊರತೆಯೂ ಇದೆ. ಚರ್ಸ್ಟನ್ ಆದಮೇಲೆ ಸತ್ತವರ ಕಡೆಯವರೆಲ್ಲ ಸೇರಿ ತಂಡ ಕಟ್ಟುವ ಭಾಗ ಎಳೆದಂತಾಗಿದೆ. ಕೊನೆಯ ತಪ್ಪೊಪ್ಪಿಗೆ ಗಟ್ಟಿ ಸಾಕ್ಷಿಗಿಂತ ಪ್ವಾರೋ ಹೂಡುವ ಒಂದು ಹೂಟದಿಂದ ಹೊರಬರುತ್ತದೆ. ನ್ಯಾಯಾಲಯದಲ್ಲಿ ಅದು ನಿಲ್ಲುವುದು ಕಷ್ಟ.

ಹಳೆ ಪ್ರತಿ ಕೊಳ್ಳುವವರು ಕೊನೆಯ ಹಾಳೆಗಳು ಇವೆಯೇ ಎಂದು ಎಣಿಸಿ ನೋಡಿ, ಓದಬೇಡಿ. ಇದಾದ ಮೇಲೆ ನೇರ ಇನ್ನೊಂದು ಪ್ವಾರೋ ಕಾದಂಬರಿ ‘ಕಾರ್ಡ್ಸ್ ಆನ್ ದ ಟೇಬಲ್’ಗೆ ಕೈಹಾಕಬೇಡಿ. 1934ರ ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ನ ಗುಟ್ಟು ಅದರೊಳಗೆ ಒಂದೇ ಮಾತಿನಲ್ಲಿ ಬಯಲಾಗುತ್ತದೆ. ಮೊದಲು ಓರಿಯಂಟ್ ಮುಗಿಸಿ. ಪ್ವಾರೋನ ಕೊನೆಯ ಪ್ರಕರಣ ‘ಕರ್ಟನ್’ ಎಲ್ಲಕ್ಕಿಂತ ಕಡೆಗೆ ಇರಲಿ.